ಮೋಹಿನಕ್ಕನ ಹೂಚೀಲ ಮತ್ತು ವಾಶಿ ಖಾಡಿ

ನೆರೂಲಿನಿಂದ ಹೊರಟ ಲೋಕಲ್ ವಾಶಿ ದಾಟಿತೆಂದರೆ ಲೇಡೀಸ್ ಡಬ್ಬದಲ್ಲಿ ಚೀಲಗಳ ಸರಬರ ಶುರು. ಸಮುದ್ರದ ನೀರು ಒಳನುಗ್ಗುವ ಖಾಡಿಯ ಸೇತುವೆ ಬರುತ್ತದಲ್ಲ! ದೇವರಿಗೆ ಏರಿಸಿದ ಹೂವು ಕಾಲಡಿಗೆ ಬರಬಾರದು, ನೀರಿಗೇ ಬಿಡಬೇಕು ಎಂಬುದು ನಮ್ಮ ಉಡುಪಿ ಕಡೆಯವರ ನಂಬಿಕೆ. ಊರಲ್ಲಿ ಬರಿಯ ಹೂವನ್ನು ಹೊಳೆಗೆ ಬಿಡುತ್ತಿದ್ದೆವು. ಇಲ್ಲಿ ಪ್ಲಾಸ್ಟಿಕ್ಕಿನಲ್ಲಿ ಗಂಟು ಕಟ್ಟಿ, ಓಡುವ ರೈಲಿನಿಂದ ಎಸೆದು ಕೈ ಮುಗಿಯುತ್ತೇವೆ. ಡೊಂಬಿವಲಿಯ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ಈ ಪುಷ್ಪಾವತಿ ಟೀಚರೂ ಎಸೆದವಳೇ. ಈಗ ನಾಚಿಕೆಯಾಗುತ್ತದೆ.

ಆ ಬೆಳಿಗ್ಗೆ ನಮ್ಮ ಎದುರುಮನೆಯ ಮೋಹಿನಕ್ಕ ಹೂಚೀಲ ಹಿಡಿದು ಬಾಗಿಲ ಬಳಿ ನಿಂತಿದ್ದರು. ಜೊತೆಗೆ ಮಗಳು ರಮಿತಾ, ಐದು ತಿಂಗಳ ಬಸುರಿ. ಚೆಂಬೂರಿನ ಡಾಕ್ಟರಿಗೆ ತೋರಿಸಲು ಮೂವರೂ ಹೊರಟಿದ್ದೆವು. ನಾನು ಮೋಹಿನಕ್ಕನ ಕೈ ಹಿಡಿದೆ.

"ಬೇಡ ಮೋಹಿನಕ್ಕ. ಕೆಳಗೆ ನೋಡಿ."

ನೀರು ಇಳಿದ ಕೆಸರಿನ ಮೇಲೆ, ತೆಳು ಮಂಜಿನಲ್ಲಿ, ಗುಲಾಬಿ ಬಣ್ಣದ ಫ್ಲೆಮಿಂಗೋಗಳು. ರೈಲಿನ ಸದ್ದು ಎಲ್ಲೋ ದೂರ ಹೋದ ಹಾಗಾಯಿತು. ಪಕ್ಕದಲ್ಲಿ ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿಗೆ ನಾವು ಎಸೆದ ಚೀಲಗಳು ಸಿಕ್ಕಿಕೊಂಡಿದ್ದವು.

"ಅಲ್ಲಿ ಕಣ್ಣಿಗೆ ಕಾಣದ ಪಾಚಿ ಉಂಟು. ಒಂದೇ ಒಂದು ಜೀವಕೋಶದ್ದು. ಅದು ಬಿಸಿಲು ಹಿಡಿದು ಆಹಾರ ಮಾಡ್ತದೆ, ಹಕ್ಕಿ ಅದನ್ನು ತಿಂತದೆ. ಗುಲಾಬಿ ಬಣ್ಣವೂ ಆ ಊಟದ್ದೇ. ಪಾಚಿಯ ಶಕ್ತಿಯಲ್ಲಿ ಹಕ್ಕಿಗೆ ದಕ್ಕುವುದು ಸುಮಾರು ಹತ್ತರಲ್ಲಿ ಒಂದು ಪಾಲು. ಆ ಬಿಸಿಲಿಗೂ ನಾವು ಪ್ಲಾಸ್ಟಿಕ್ ಮುಚ್ಚುದಾ?"

"ನಿಮ್ಮ ಪಾಠ ಇರ್ಲಿ ಟೀಚರ್," ಮೋಹಿನಕ್ಕ ಚೀಲವನ್ನು ಎದೆಗೊತ್ತಿಕೊಂಡರು. "ಕಳೆದ ವರ್ಷ ಒಮ್ಮೆ ಉದಾಸೀನ ಮಾಡಿ ಹೂವನ್ನು ಕಸದ ಡಬ್ಬಕ್ಕೆ ಹಾಕಿದೆ. ಅದೇ ವಾರ ಇವಳ ಬಸಿರು ಎರಡು ತಿಂಗಳಲ್ಲೇ ಹೋಯ್ತು. ಯಾರಿಗೂ ಹೇಳ್ಲಿಲ್ಲ ನಾನು. ಈ ಸಲವೂ ಹಾಗೇ ಆದ್ರೆ?"

ಅವರನ್ನು ಸೀಟಿನಲ್ಲಿ ಕೂರಿಸಿದೆ.

"ಮಗುವೂ ಒಂದೇ ಜೀವಕೋಶದಿಂದ ಶುರು ಆಗುದು, ಮೋಹಿನಕ್ಕ. ಅದು ಎರಡಾಗ್ತದೆ, ನಾಲ್ಕಾಗ್ತದೆ. ಒಂದೇ ಬಗೆಯ ಕೋಶಗಳು ಒಟ್ಟಾಗಿ ಅಂಗಾಂಶ ಆಗ್ತದೆ. ಹೃದಯದ್ದು ಬೇರೆ, ಚರ್ಮದ್ದು ಬೇರೆ. ಎಷ್ಟೋ ಸಲ ಶುರುವಿನಲ್ಲೇ ಕೋಶದೊಳಗೆ ಏನೋ ತಪ್ಪಿ ಬಸಿರು ನಿಲ್ಲುದಿಲ್ಲ. ಕಸದ ಡಬ್ಬದಿಂದ ಹಾಗೆ ಆಗುದಿಲ್ಲ."

ಯಾವಾಗಲೂ ಹಿಂದಿಯಲ್ಲೇ ಉತ್ತರ ಕೊಡುವ ರಮಿತಾ ತಾಯಿಯ ಹೆಗಲಿಗೆ ತಲೆಯಿಟ್ಟು ಕನ್ನಡದಲ್ಲಿ ಹೇಳಿದಳು: "ಅಮ್ಮ, ನೀನು ಏನೂ ಮಾಡ್ಲಿಲ್ಲ."

ಸೇತುವೆ ದಾಟಿಹೋಯಿತು. ಚೀಲ ಮಡಿಲಲ್ಲೇ ಇತ್ತು. ಮೋಹಿನಕ್ಕ ಕಣ್ಣೊರೆಸಿಕೊಂಡರು.

"ಹಾಗಾದ್ರೆ ಇದನ್ನು ಎಲ್ಲಿ ಹಾಕುದು? ಯಾರೂ ತುಳಿಯಬಾರ್ದು."

"ನಿಮ್ಮ ಗ್ಯಾಲರಿಯ ಮಲ್ಲಿಗೆ ಗಿಡದ ಕುಂಡದಲ್ಲಿ. ನೂಲು ತೆಗೆದು, ಹೂವಿನ ಮೇಲೆ ಮಣ್ಣು ಮುಚ್ಚಿ. ಹೂವಿನಲ್ಲಿದ್ದ ಶಕ್ತಿಯನ್ನು ಮಣ್ಣಿನ ಸೂಕ್ಷ್ಮಜೀವಿಗಳು ಉಣ್ತವೆ. ಸಾರ ಮಣ್ಣಿಗೆ ಸೇರ್ತದೆ, ಗಿಡಕ್ಕೆ ಸಿಗ್ತದೆ."

"ವಾಸನೆ ಬರುದಿಲ್ವಾ?" ಎಂದು ಸಂಜೆ ಮನೆಯಲ್ಲಿ ಮೋಹಿನಕ್ಕನ ಗಂಡ ದೇವದಾಸಣ್ಣ ಮೂಗು ಮುರಿದರು. ತಿಂಗಳೊಳಗೆ ಒಣ ಎಲೆ ಹೆಕ್ಕಿ ತಂದು ಕುಂಡಕ್ಕೆ ಹಾಕುತ್ತಿದ್ದವರೂ ಅವರೇ.

ಮೊನ್ನೆ ಬೆಳಿಗ್ಗೆ ಮೋಹಿನಕ್ಕ ನಮ್ಮ ಬಾಗಿಲು ತಟ್ಟಿದರು. ಅಂಗೈಯಲ್ಲಿ ಆ ಕುಂಡದ ಮೊದಲ ಮಲ್ಲಿಗೆ. ಹಿಂದೆ ತುಂಬಿದ ಹೊಟ್ಟೆ ಹೊತ್ತ ರಮಿತಾ.

"ಇದನ್ನು ದೇವರಿಗೆ ಇಡ್ತೇನೆ ಟೀಚರ್. ನಾಳೆ ಪುನಃ ಕುಂಡಕ್ಕೇ," ಎಂದು ನಕ್ಕರು. ಆ ಮುಖದಲ್ಲಿ ಹೆದರಿಕೆ ಇರಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಖಾಡಿ ಬಂದಾಗ ಧಾರಾಳ ಕೈ ಮುಗಿಯಿರಿ. ಚೀಲವನ್ನು ಮಾತ್ರ ಮನೆಗೆ ವಾಪಸು ತನ್ನಿ, ಹೂವನ್ನು ಮಣ್ಣಿಗೆ ಕೊಡಿ. ಪಕ್ಕದ ಸೀಟಿನಲ್ಲಿ ಯಾವ ತಾಯಿಯಾದರೂ ತನ್ನದಲ್ಲದ ತಪ್ಪನ್ನು ಹೊತ್ತು ಕೂತಿದ್ದರೆ, ಅವಳ ಕೈ ಹಿಡಿದು ಹೇಳಿ: ನೀನು ಏನೂ ಮಾಡಲಿಲ್ಲ.