ಬೀಳದ ಕಲ್ಲು

ನನ್ನ ತಮ್ಮ ಗಾರೆ ಕೆಲಸದವನು. ಅವನು ಕಟ್ಟಿದ ಗೋಡೆ ಲಾರಿ ಗುದ್ದಿದರೂ ಅಲ್ಲಾಡುವುದಿಲ್ಲ. ಅದು ಅವನಿಗೂ ಗೊತ್ತು, ಅದಕ್ಕೇ ಸ್ವಲ್ಪ ಜಂಬ. ಅವನ ಹೆಂಡತಿಯದು ತದ್ವಿರುದ್ಧ ಕಸುಬು. ಪಾರ್ಕಿನ ಕೊಳದ ಪಕ್ಕ ಕಲ್ಲಿನ ಮೇಲೆ ಕಲ್ಲು ನಿಲ್ಲಿಸುತ್ತಿದ್ದಳು. ಅಂಟಿಲ್ಲ, ತಂತಿಯಿಲ್ಲ. ಚೂಪು ತುದಿಯ ಮೇಲೆ ದಪ್ಪ ಕಲ್ಲು ಕೂರಿಸಿ, ಉಸಿರು ಬಿಗಿಹಿಡಿದು ಕೈ ಬಿಡುವಳು. ಜನ ಬಾಯಿ ಬಿಟ್ಟುಕೊಂಡು ನೋಡುವರು. ಯಾರ ಮೇಲೂ ಬೀಳದಿರಲೆಂದು ಸಂಜೆ ತಾನೇ ಎಲ್ಲ ಇಳಿಸಿ ಬರುವಳು.

ಇದು ನನ್ನ ತಮ್ಮನಿಗೆ ನುಂಗಲಾರದ ತುತ್ತು. "ದಿನಾ ಕಟ್ಟೋದು, ದಿನಾ ಕೆಡವೋದು. ಪಾಪ ಅನ್ಸುತ್ತೆ ಅಕ್ಕಾ," ಎಂದು ನನ್ನ ತಲೆ ತಿನ್ನುತ್ತಿದ್ದ. ನಿನ್ನ ಪಾಡಿಗೆ ನೀನಿರು ಎಂದು ಗದರಿದ್ದೆ. ನನ್ನ ಮಾತು ಅವನು ಯಾವತ್ತು ಕೇಳಿದ್ದಾನೆ?

ಬಹಳ ದಿನದಿಂದ ಕೈಗೆ ಹತ್ತದ ಒಂದು ಜೋಡಣೆ ಕೊನೆಗೂ ನಿಂತಿತು. ಅವತ್ತು ಮಾತ್ರ ಇಳಿಸಲು ಅವಳಿಗೆ ಮನಸ್ಸಾಗಲಿಲ್ಲ. ಸುತ್ತ ಹಗ್ಗ ಕಟ್ಟಿ, "ನಾಳೆ ಇಳಿಸ್ತೀನಿ," ಎಂದು ಮನೆಗೆ ಬಂದಳು. ಅಷ್ಟೇ ಸಾಕಾಯಿತು ಇವನಿಗೆ. ಬೆಳಗಾಗುತ್ತಲೇ ಕರಣೆ ಹಿಡಿದು ಹೋಗಿ ಸಂದುಗಳಿಗೆ ಸಿಮೆಂಟು ತುಂಬಿ ಬಂದ. ಅದು ಗಟ್ಟಿಯಾಗುವವರೆಗೆ ಅವಳನ್ನು ಮನೆಯಲ್ಲಿ ಹಿಡಿದಿಡಲು ತಲೆನೋವಿನ ನಾಟಕ ಬೇರೆ. ಅವಳು ಪಾಪ, ಮಧ್ಯಾಹ್ನದವರೆಗೆ ತಲೆ ಒತ್ತಿದಳು.

ಆಮೇಲೆ ಮೂವರೂ ಪಾರ್ಕಿಗೆ ಹೋದೆವು. ಅವಳು ಮೇಲಿನ ಕಲ್ಲನ್ನು ಎತ್ತಲು ಹೋದಳು. ಬರಲಿಲ್ಲ.

"ಇನ್ನು ಯಾವತ್ತೂ ಬೀಳಲ್ಲ ಕಣೇ," ಎಂದ ತಮ್ಮ, ಮುಖವರಳಿಸಿ.

ಅವಳು ಸಂದಿನ ಮೇಲೆ ಬೆರಳಾಡಿಸಿದಳು. "ತಾನಾಗೇ ನಿಂತಿತ್ತಲ್ರೀ," ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಬಗ್ಗಿ ನೋಡಿದವನೊಬ್ಬ, "ಓಹೋ, ಎಲ್ಲಾ ಸಿಮೆಂಟಾ! ಇಷ್ಟು ದಿನ ಟೋಪಿ ಹಾಕಿದ್ರಾ?" ಎಂದು ನಕ್ಕ. ಆ ಮಾತು ಪಾರ್ಕಿನ ತುಂಬ ಹರಡಿತು. ನನಗೆ ಮೈಯೆಲ್ಲ ಉರಿಯಿತು, ಆದರೆ ಎಷ್ಟು ಜನರ ಬಾಯಿ ಮುಚ್ಚಿಸಲಿ? ಅವಳು ಮತ್ತೆ ಕಲ್ಲು ಮುಟ್ಟಲಿಲ್ಲ.

ಹೋದ ವಾರ ತಮ್ಮ ಅದನ್ನು ಕೆಡವಲು ಸುತ್ತಿಗೆ ಹಿಡಿದು ಹೊರಟ. ಪಾರ್ಕಿನ ಗೇಟಿನಲ್ಲಿ ಕಾವಲುಗಾರ ಸುತ್ತಿಗೆ ಕಿತ್ತಿಟ್ಟುಕೊಂಡ. ಇವನು ಬರಿಗೈಲಿ ಒಳಗೆ ಹೋಗಿ ಆ ಕಲ್ಲುಗಳಿಗೆ ಭುಜ ಕೊಟ್ಟು ನೂಕಿದ್ದಾನೆ, ಸಾಕುಸಾಕಾಗುವಷ್ಟು ನೂಕಿದ್ದಾನೆ. ಮನೆಗೆ ಬಂದಾಗ ಅವಳು ಅವನ ಅಂಗಿಯ ಧೂಳು ಕೊಡವುತ್ತಾ ಕೇಳಿದಳು.

"ಬಿತ್ತಾ?"

"ಇಲ್ಲ."

"ಹೇಗೆ ಬೀಳುತ್ತೆ, ನೀವು ಕಟ್ಟಿದ್ದಲ್ವಾ."

ಅದರಲ್ಲಿ ಕುಹಕ ಒಂದಿಷ್ಟೂ ಇರಲಿಲ್ಲ. ನನ್ನ ತಮ್ಮ ಅಲ್ಲೇ ಹೊಸಿಲ ಮೇಲೆ ಕೂತು ಅತ್ತ.