ಗೌಸ್ ಸಾಬರ ಟವೆಲ್ಲು ಮತ್ತು ಬಾಗಿಲಿಲ್ಲದ ಬ್ಯಾಂಕು

ಹೊಸದುರ್ಗದ ಕುರಿ ಸಂತೆಯಲ್ಲಿ ಮಹಮ್ಮದ್ ಗೌಸ್ ಅವರಿಗೆ ಅನ್ನ ಹಾಕಿದ್ದು ಬಾಯಲ್ಲ, ಹೆಗಲ ಮೇಲಿನ ಕೆಂಪು ಚೌಕಳಿ ಟವೆಲ್ಲು. ಅವರು ಕುರಿ ದಲ್ಲಾಳಿ. ಮಾರುವವನ ಕೈಯನ್ನು ಟವೆಲ್ಲಿನಡಿ ಹಿಡಿದು ಬೆರಳು ಒತ್ತುತ್ತಿದ್ದರು, ಆಮೇಲೆ ಕೊಳ್ಳುವವನ ಕೈಯನ್ನೂ ಹಾಗೇ ಹಿಡಿದು ಒತ್ತುತ್ತಿದ್ದರು. ಎಷ್ಟು ಬೆರಳು, ಬೆರಳಿಗೆ ಸಾವಿರವೋ ನೂರೋ, ಅದೆಲ್ಲ ಕೈ ಹಿಡಿದವರಿಗೆ ಮಾತ್ರ ಗೊತ್ತು. ಸುತ್ತ ನಿಂತವರಿಗೆ ಕಾಣುವುದು ಟವೆಲ್ಲು ಅಲುಗಾಡುವುದಷ್ಟೆ. ಈ ಗುಟ್ಟಿಗೆ ಕಾರಣವಿತ್ತು. ಒಬ್ಬನಿಗೆ ಸಿಕ್ಕ ರೇಟು ಬಯಲಾದರೆ ಮುಂದಿನ ಗಿರಾಕಿ ಅದಕ್ಕಿಂತ ಒಂದು ರೂಪಾಯಿ ಮೇಲೇರುವುದಿಲ್ಲ, ಮುಂದಿನ ಕುರಿಗಾರ ಒಂದು ರೂಪಾಯಿ ಇಳಿಯುವುದಿಲ್ಲ, ಸಂತೆ ಅಲ್ಲಿಗೇ ಕೆಟ್ಟು ನಿಲ್ಲುತ್ತದೆ. ಮತ್ತೋಡು, ಶ್ರೀರಾಂಪುರ ಕಡೆಯ ಕುರಿಗಾರರು ಅಪ್ಪನ ಕಾಲದಿಂದಲೂ ಗೌಸ್ ಸಾಬರ ಟವೆಲ್ಲಿನೊಳಗೆ ಕಣ್ಣುಮುಚ್ಚಿ ಕೈ ಇಟ್ಟಿದ್ದರು. ಸಾಬರಿಗೆ ಆಸ್ತಿ ಅಂತ ಇದ್ದದ್ದು ಆ ನಂಬಿಕೆಯೊಂದೇ.

ಇಂಥ ಮನುಷ್ಯ ಆನ್‌ಲೈನ್ ಬ್ಯಾಂಕಿನಲ್ಲಿ ಖಾತೆ ತೆರೆದದ್ದು ಅಳಿಯ ಅಜೀಮನ ಒತ್ತಾಯಕ್ಕೆ. ಮಗಳು ಅಂಬ್ರೀನ್‌ಳನ್ನು ಮದುವೆಯಾದ ಮೇಲೆ ಅಜೀಮ್ ಪಕ್ಕದ ಗಲ್ಲಿಯಲ್ಲೇ ಮನೆ ಮಾಡಿ, ಮಾವನ ಜೊತೆ ಸಂತೆಗೆ ನಿಲ್ಲುತ್ತಿದ್ದ. ಹಿರಿಯೂರು, ಚಿತ್ರದುರ್ಗದ ಗಿರಾಕಿಗಳು ಈಗ ನೋಟು ತರುವುದನ್ನೇ ಬಿಟ್ಟಿದ್ದಾರೆ, ಎಲ್ಲ ಫೋನಿನಲ್ಲೇ ಎಂಬುದು ಅವನ ವಾದ. ಪ್ರಭು ಅನ್ನುವ ಏಜೆಂಟು ಚಿತ್ರದುರ್ಗದಿಂದ ಬಂದ. ಫೋನಿನ ಪರದೆಯಲ್ಲಿ ಯಾರೋ ಟೈ ಕಟ್ಟಿಕೊಂಡ ಹುಡುಗ ಕಾಣಿಸಿಕೊಂಡು, ಕಣ್ಣು ಮಿಟುಕಿಸಿ ಸರ್, ತಲೆ ಎಡಕ್ಕೆ ತಿರುಗಿಸಿ ಸರ್ ಎಂದ. ಗೌಸ್ ಸಾಬರು ಹೆಣ್ಣು ನೋಡಲು ಬಂದವರ ಮುಂದೆ ಕೂತ ಹಾಗೆ ಮಿಟುಕಿಸಿದರು, ತಿರುಗಿಸಿದರು. ಖಾತೆ ಆಯಿತು.

ಮನೆಯ ಮುಂದಿನ ಕೋಣೆಯಲ್ಲಿ ಸೀರೆಗೆ ಫಾಲ್ಸ್ ಹಚ್ಚಿ, ಬ್ಲೌಸು ಹೊಲಿಯುತ್ತಿದ್ದ ಹೆಂಡತಿ ತಾಜ್ ಬೀ ಮಾತ್ರ ತಮ್ಮ ಹೆಸರಲ್ಲೂ ಖಾತೆ ತೆರೆಯಲು ಬಿಲ್‌ಕುಲ್ ಒಪ್ಪಲಿಲ್ಲ. "ಗುರುತು ಪರಿಚಯ ಇಲ್ಲದ ಗಂಡಸಿನ ಮುಂದೆ ಕಣ್ಣು ಮಿಟುಕಿಸೋದಾ? ತೋಬಾ!" ಎಂದು ಸೆರಗು ಎಳೆದುಕೊಂಡು ಒಳಗೆ ಹೋದರು. ಹಾಗಾಗಿ ಆಕೆಯ ಅಂಗಡಿಗೂ ಗೌಸ್ ಸಾಬರ ಖಾತೆಯದೇ ಕ್ಯೂಆರ್ ಸ್ಟಿಕರ್ ಅಂಟಿಸಿದ್ದಾಯಿತು. ಬ್ಯಾಂಕಿನವರು ಪುಕ್ಕಟೆ ಕೊಟ್ಟ, ಹಣ ಬಂದಾಗ ಕೂಗುವ ಡಬ್ಬಿಯೂ ಅಲ್ಲಿಗೇ ಹೋಯಿತು.

ಸಂತೆ ದಿನ ಮೊದಲ ವ್ಯಾಪಾರಕ್ಕೆ ಮುಂಚೆ ಅಜೀಮ್ ತನ್ನ ಫೋನಿನಿಂದ ಮಾವನ ಖಾತೆಗೆ ಒಂದು ರೂಪಾಯಿ ಹಾಕುತ್ತಿದ್ದ. "ಬ್ಯಾಂಕು ಎದ್ದೈತಾ ನೋಡಾಣ ಮಾಮು" ಎನ್ನುತ್ತಿದ್ದ. ಸಾಬರ ಫೋನು ಗುಂಯ್ ಎಂದರೆ ಬ್ಯಾಂಕು ಎದ್ದಿದೆ ಎಂದು ಲೆಕ್ಕ. ಆಮೇಲೆ ಟವೆಲ್ಲು ಹೆಗಲಿಂದ ಇಳಿಯುತ್ತಿತ್ತು.

ಗಿರಾಕಿಯ ಹಣ ಸಾಬರ ಖಾತೆಗೆ ಬಂದು, ಅಲ್ಲಿಂದ ಕುರಿಗಾರನಿಗೆ ಹೋಗುತ್ತಿತ್ತು. ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೊಂದು ಸಂತೆಯಲ್ಲಿ ಮತ್ತೋಡಿನ ಓಬಯ್ಯ ಟವೆಲ್ಲಿನೊಳಗಿಂದ ಕೈ ಕಿತ್ತುಕೊಂಡ. ಹಿಂದಿನ ತಲೆಮಾರಿನಿಂದ ಬಂದ ಕುರಿಗಾರ ಅವನು, ಸಾಬರ ವಾರಿಗೆಯವನು.

"ಸಾಬ್ರೇ, ನಿಮ್ ಟವೆಲ್‌ನಾಗೆ ತೂತು ಬಿದ್ದೈತೆ."

"ಏನ್ ಮಾತಪ್ಪ ಇದು?"

"ಮೊದ್ಲ ಮಂದೆ ಕೊಟ್ಟು ಟೀ ಕುಡುದು ಬರಾದ್ರಾಗೆ ಎಲ್ಲಾ ಗಿರಾಕಿಗೂ ನನ್ ರೇಟು ಗೊತ್ತು. ಮಾರಣ್ಣ ನಿಂತ್ಕಂಡು ಹೇಳ್ತಾನೆ, ಓಬಯ್ಯಂದು ಇಷ್ಟಕ್ಕೆ ಹೋತು, ನೀವ್ಯಾಕೆ ಜಾಸ್ತಿ ಕೊಡ್ತೀರಿ ಅಂತ. ಎಲ್ಡನೇ ಮಂದೆ ಕೇಳೋರೇ ಇಲ್ಲ ಈಗ."

ಮಾರಣ್ಣ ಸಂತೆಯ ಇನ್ನೊಬ್ಬ ದಲ್ಲಾಳಿ. ಎದುರಾಳಿ ಎನ್ನಬಹುದು, ಆದರೆ ಅವನ ಹೆಂಡತಿ ಪಾಲಮ್ಮ ತಾಜ್ ಬೀಯ ಹಳೇ ಗಿರಾಕಿ, ಹಬ್ಬಕ್ಕೆ ಹೋಳಿಗೆ ಕೊಟ್ಟು ಶೀರ್ ಖುರ್ಮಾ ಒಯ್ಯುವಷ್ಟು ಬಳಕೆ. ರೇಟು ಅವನಿಗೆ ಹೇಗೆ ಸಿಕ್ಕಿತು? ಗೌಸ್ ಸಾಬರು ಆ ದಿನ ಮನೆಗೆ ಬಂದವರು ಊಟವನ್ನೂ ಸರಿಯಾಗಿ ಮಾಡಲಿಲ್ಲ. ಮುಂದಿನ ಸಂತೆಯಲ್ಲೂ ಹಾಗೇ ಆಯಿತು. ಅದರ ಮುಂದಿನ ಸಂತೆಯಲ್ಲಿ ಶ್ರೀರಾಂಪುರದ ಇಬ್ಬರು ಅವರ ಮುಂದೆಯೇ ಹಾದು ಬೇರೆ ದಲ್ಲಾಳಿಯ ಹತ್ತಿರ ಹೋದರು. ಹೋಗುವಾಗ ನಮಸ್ಕಾರವನ್ನೂ ಮಾಡಿದರು. ಆ ನಮಸ್ಕಾರ ಸಾಬರನ್ನು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಮೊದಲು ಅನುಮಾನ ಬಿದ್ದದ್ದು ಬ್ಯಾಂಕಿನ ಮೇಲೆ. ಬೆರಳು ಒತ್ತಿದ ಇಬ್ಬರನ್ನು ಬಿಟ್ಟರೆ ಮೊತ್ತ ಗೊತ್ತಿರುವುದು ಅದಕ್ಕೇ ತಾನೆ? ಅವರು ಕಸ್ಟಮರ್ ಕೇರಿಗೆ ಫೋನು ಹಚ್ಚಿದರು. ಅದನ್ನೊತ್ತಿ ಇದನ್ನೊತ್ತಿ ಎಂದು ಆಡಿಸಿ, ಹಾಡು ಕೇಳಿಸಿ, ಕೊನೆಗೆ ಒಬ್ಬಳು ಹುಡುಗಿ ಸಿಕ್ಕಳು.

"ನನ್ ಖಾತೆಗೆ ಎಷ್ಟ್ ಬಂತು ಅಂತ ನಮ್ಮೂರ ಮಾರಣ್ಣಗೆ ಯಾರಮ್ಮ ಹೇಳ್ತಿರೋದು?"

"ಸರ್, ನಿಮ್ಮ ಖಾತೆ ಸಂಪೂರ್ಣ ಸುರಕ್ಷಿತವಾಗಿದೆ."

"ನಿಮ್ ಬ್ರಾಂಚ್ ಎಲ್ಲೈತೆ ಹೇಳು, ನಾನೇ ಬರ್ತೀನಿ."

"ನಿಮ್ಮ ಫೋನೇ ನಿಮ್ಮ ಬ್ರಾಂಚ್, ಸರ್."

ಸಾಬರು ಫೋನನ್ನು ತಿರುಗಿಸಿ ಮುರುಗಿಸಿ ನೋಡಿದರು. ಬಾಗಿಲಿಲ್ಲ, ಮ್ಯಾನೇಜರಿಲ್ಲ, ಕೊರಳಪಟ್ಟಿ ಹಿಡಿದು ಕೇಳೋಣವೆಂದರೆ ಕೊರಳೇ ಇಲ್ಲ. ಇಂಥ ಬ್ಯಾಂಕನ್ನು ನಂಬಿದ್ದಕ್ಕೆ ತಮ್ಮನ್ನು ತಾವೇ ಬೈದುಕೊಂಡು, ಮರುದಿನ ಬಸ್ಸು ಹತ್ತಿ ಚಿತ್ರದುರ್ಗದಲ್ಲಿ ಪ್ರಭುವನ್ನು ಹುಡುಕಿದರು. ಅವನು ಆ ಕೆಲಸ ಬಿಟ್ಟು ನೀರಿನ ಫಿಲ್ಟರ್ ಮಾರುತ್ತಿದ್ದ. ಫಿಲ್ಟರಿನ ನೀರನ್ನೇ ಕುಡಿಸಿ ಕೂರಿಸಿದ.

"ಬ್ಯಾಂಕಿನೋರು ಹೇಳಲ್ಲ ಸರ್. ನಿಮ್ಮೋರೇ ಯಾರೋ ಇರ್ಬೇಕು. ನಿಮ್ ಖಾತೆ ಇನ್ಯಾರ ಫೋನಿನಾಗೈತೆ?"

"ಇನ್ಯಾರ್ದಾಗೂ ಇಲ್ಲ. ಅಳಿಯನೇ ಎಲ್ಲಾ ನೋಡ್ಕಂತಾನೆ."

ಪ್ರಭುವಿನ ಹುಬ್ಬು ಸ್ವಲ್ಪ ಮೇಲೆ ಹೋಯಿತು. ವಾಪಸು ಬರುವ ಬಸ್ಸಿನಲ್ಲಿ ಹೊಳಲ್ಕೆರೆ ದಾಟುವ ಹೊತ್ತಿಗೆ ಆ ಹುಬ್ಬು ಗೌಸ್ ಸಾಬರ ತಲೆಯೊಳಗೆ ಮನೆ ಮಾಡಿಕೊಂಡಿತ್ತು. ಅಜೀಮ್ ಹೊಸ ಶೂ ತೆಗೆದುಕೊಂಡಿದ್ದು ಯಾವ ದುಡ್ಡಲ್ಲಿ? ಫೋನು ಬಂದರೆ ಎದ್ದು ಆಚೆ ಹೋಗಿ ಮಾತಾಡುತ್ತಾನಲ್ಲ, ಅದು ಯಾರ ಜೊತೆ? ಅನುಮಾನಕ್ಕೆ ಒಂದು ಸಲ ಹಾದಿ ಬಿಟ್ಟರೆ ಆಯಿತು, ಮನೆಯೊಳಗಿನ ಪಾತ್ರೆ ಪಗಡೆಯೂ ಕಳ್ಳರ ಹಾಗೆ ಕಾಣಲು ಶುರುವಾಗುತ್ತದೆ.

ಮುಂದಿನ ಸಂತೆಯಲ್ಲಿ ಅಜೀಮ್ ಟೀ ಅಂಗಡಿಯ ಮುಂದೆ ಮಾರಣ್ಣನ ಜೊತೆ ನಗುತ್ತ ನಿಂತಿದ್ದ. ಸಾಬರಿಗೆ ಅಷ್ಟೇ ಸಾಕಾಯಿತು.

"ಎಷ್ಟಕ್ಕೆ ಮಾರಿದೆಯೋ ನನ್ ಟವೆಲ್ನ?" ಎಂದು ಅಷ್ಟು ಜನರ ನಡುವೆ ಕೂಗಿದರು. "ನನ್ ಮಗಳನ್ನ ಕೊಟ್ಟು, ಸಂತೆಯಾಗೆ ಜಾಗ ಕೊಟ್ಟು, ಕಳ್ಳನ್ನ ಸಾಕಿದೆನಲ್ಲೋ!"

ಸಂತೆಯೆಲ್ಲ ತಿರುಗಿ ನೋಡಿತು. ಅಜೀಮನ ಮುಖ ಕಪ್ಪಿಟ್ಟಿತು. ಅರ್ಧ ಕುಡಿದ ಟೀ ಲೋಟವನ್ನು ಕಟ್ಟೆಯ ಮೇಲಿಟ್ಟು ಹೊರಟುಹೋದ. ಅದೇ ವಾರ ಅಂಬ್ರೀನ್‌ಳನ್ನು ಕರೆದುಕೊಂಡು ಹಿರಿಯೂರಿನಲ್ಲಿರುವ ಅಣ್ಣನ ಹಾಸಿಗೆ ಅಂಗಡಿಗೆ ಕೆಲಸಕ್ಕೆ ಸೇರಿದ. ತಾಜ್ ಬೀ ಗಂಡನ ಜೊತೆ ಮಾತು ಬಿಟ್ಟರು. ಊಟದ ತಟ್ಟೆ ಇಡುವ ಸದ್ದಿನಲ್ಲೇ ಹೇಳಬೇಕಾದ್ದನ್ನೆಲ್ಲ ಹೇಳುತ್ತಿದ್ದರು.

ಅಜೀಮ್ ಹೋದ ಮೇಲೂ ರೇಟು ಬಯಲಾಗುವುದು ನಿಲ್ಲಲಿಲ್ಲ. ಬೇರೆಯವರಾಗಿದ್ದರೆ ಇಲ್ಲೇ ಒಂದು ಕ್ಷಣ ನಿಂತು ಯೋಚಿಸುತ್ತಿದ್ದರು. ಗೌಸ್ ಸಾಬರು ಯೋಚಿಸಿದ್ದು ಬೇರೆಯೇ. ಹಿರಿಯೂರಿನಲ್ಲಿ ಕೂತೇ ನೋಡುತ್ತಿದ್ದಾನೆ ಬದ್ಮಾಶ್, ಫೋನಿನಲ್ಲಿ ಎಲ್ಲಿ ಕೂತರೂ ಕಾಣುತ್ತದಂತೆ! ಪಕ್ಕದ ಮನೆಯವರಿಗೆ ಹೇಳಿ ಪಿನ್ನು ಬದಲಾಯಿಸಿದರು. ಆ ಪಕ್ಕದ ಮನೆಯವರ ಮೇಲೂ ಎರಡು ದಿನ ಕಣ್ಣಿಟ್ಟರು.

ಹೀಗಿರುವಾಗ ಒಂದು ದಿನ ಜ್ವರ ಬಂದು ಮಲಗಿದರು. ಹಿಂದಿನ ದಿನ ಸಂತೆಯಲ್ಲಿ ಶ್ರೀರಾಂಪುರದ ಬಸವೇಶನ ಕುರಿಗಳಿಗೆ ಬೆರಳು ಒತ್ತಿದ್ದರು. ಹಿರಿಯೂರಿನ ಗಿರಾಕಿ ಹಣವನ್ನು ಬೆಳಿಗ್ಗೆ ಹಾಕುತ್ತೇನೆ ಎಂದಿದ್ದ. ಸಂತೆಯಲ್ಲಿ ಮಾರದೆ ಉಳಿದ ಇನ್ನೊಂದು ಮಂದೆಯನ್ನು ಈ ದಿನ ಮಾರಿಯೇ ಹೋಗಬೇಕೆಂದು ಬಸವೇಶ ಹೊಸದುರ್ಗದಲ್ಲೇ ಉಳಿದಿದ್ದ. ಸಾಬರು ಒಳಕೋಣೆಯಲ್ಲಿ ಕಂಬಳಿ ಹೊದ್ದಿದ್ದರು. ನಡುವೆ ಒಂದು ಪರದೆ. ಆಚೆ ಹೊಲಿಗೆ ಮಿಷನ್ನಿನ ಸದ್ದು, ನಾಲ್ಕಾರು ಹೆಂಗಸರ ಮಾತು. ಇದ್ದಕ್ಕಿದ್ದಂತೆ ಗಟ್ಟಿ ದನಿಯೊಂದು ಕೋಣೆ ತುಂಬಿತು.

"ತೊಂಬತ್ತಾರು ಸಾವಿರ ರೂಪಾಯಿ ಸ್ವೀಕರಿಸಲಾಗಿದೆ."

ಸಾಬರು ಕಣ್ಣು ಬಿಟ್ಟರು. ಜ್ವರದಲ್ಲಿ ತಲೆ ಕೆಟ್ಟಿತೇ ಎಂದುಕೊಂಡರು. ಪರದೆಯಾಚೆ ಪಾಲಮ್ಮನ ದನಿ ಕೇಳಿತು.

"ಓ, ಬಸವೇಶಂದು ಬಂತು ಅನ್ಸುತ್ತೆ. ನಿನ್ನೆ ಟೆಂಪೋನಾಗೆ ಹನ್ನೆಲ್ಡು ಮರಿ ಹೋದ್ವಲ್ಲ. ಅಂದ್ರೆ ಮರಿಗೆ ಎಂಟ್ ಸಾವ್ರ. ಇರು ತಾಜಕ್ಕ, ನಮ್ಮೋರಿಗೆ ಒಂದ್ ಫೋನ್ ಮಾಡ್ತೀನಿ."

"ಮಾಡ್ಕೊಮ್ಮ, ಅದಕ್ಕೇನು," ಎಂದರು ತಾಜ್ ಬೀ. "ನಂಗಂತೂ ಈ ಡಬ್ಬಿ ದೊಡ್ಡ ದನಿ ಕೇಳಿದ್ರೇನೇ ಸಮಾಧಾನ. ಸಂತೆ ದಿನ ಆದ್ರೆ ವ್ಯಾಪಾರ ಮುಗೀತು, ಇನ್ ಮನಿಗೆ ಬರ್ತಾರೆ ಅಂತ ಅಕ್ಕಿ ಇಡ್ತೀನಿ."

ಗೌಸ್ ಸಾಬರ ಜ್ವರ ಬೆವರಾಗಿ ಇಳಿಯಿತು. ಸಂತೆಯಲ್ಲಿ ತಾವು ಟವೆಲ್ಲು ಹಾಸಿ ಬೆರಳು ಮುಚ್ಚುತ್ತಿದ್ದಾಗ, ಇಲ್ಲಿ ಮನೆಯಲ್ಲಿ ಡಬ್ಬಿ ಗಲ್ಲಿಗೆಲ್ಲ ಡಂಗುರ ಸಾರುತ್ತಿತ್ತು! ತಾಜ್ ಬೀಗೆ ಸಂತೆಯ ರೀತಿ ಗೊತ್ತಿಲ್ಲ, ಪಾಲಮ್ಮ ಗಂಡನಿಗೆ ಸುದ್ದಿ ಹೇಳುತ್ತಾಳೆ, ಯಾವ ಹೆಂಡತಿ ಹೇಳುವುದಿಲ್ಲ? ಆಗ ಅವರಿಗೆ ಇನ್ನೊಂದು ನೆನಪಾಯಿತು. ಡಬ್ಬಿ ಬಂದ ದಿನ ಅಜೀಮ್ ಅದನ್ನು ಸಂತೆಗೇ ತಂದಿದ್ದ. ನನ್ನದು ಬಾಯಿಲ್ಲದ ವ್ಯಾಪಾರ, ಈ ಬಾಯಿಬಡುಕನನ್ನು ಮನೆಗೆ ಕಳಿಸು ಎಂದು ಅಟ್ಟಿದ್ದು ಅವರೇ. "ಮನೇಲೂ ಕೂಗ್ತೈತಲ್ಲ ಮಾಮು?" ಎಂದು ಅವನು ಕೇಳಿದ್ದ. "ಅಲ್ಯಾರು ಕೇಳ್ತಾರೆ, ಹೆಂಗಸ್ರು ತಾನೆ," ಎಂದಿದ್ದರು. ತಮ್ಮ ಬಾಯಿಂದಲೇ ಬಂದ ಆ ಮಾತು ನೆನಪಾಗಿ ಅವರಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಅವನು ಇನ್ನು ಬರದೇ ಇದ್ದರೆ?

ಡಬ್ಬಿಯನ್ನು ಸುಮ್ಮನಾಗಿಸುವುದು ಹೇಗೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದು ಗೊತ್ತಿದ್ದವನು ಹಿರಿಯೂರಿನಲ್ಲಿದ್ದ. ತಾಜ್ ಬೀ ಅದನ್ನು ಹಳೇ ರಜಾಯಿಯಲ್ಲಿ ಸುತ್ತಿ ಒಳಗೆ ಅಡುಗೆಮನೆಯ ಟ್ರಂಕಿನಲ್ಲಿಟ್ಟರು. ಆಮೇಲೆ ಎಷ್ಟೋ ದಿನದ ಮೇಲೆ ಗಂಡನ ಜೊತೆ ಮೊದಲ ಮಾತಾಡಿದರು. "ನನ್ನ ಮಗಳನ್ನ ಕರ್ಕೊಂಡು ಬನ್ನಿ."

ಫೋನು ಮಾಡಿದರೆ ಅಜೀಮ್ ಎತ್ತಲಿಲ್ಲ. ಗೌಸ್ ಸಾಬರು ಹಿರಿಯೂರಿಗೆ ಹೋದರು. ಹಾಸಿಗೆ ಅಂಗಡಿಯಲ್ಲಿ ಅಜೀಮ್ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹತ್ತಿ ತುಂಬುತ್ತಿದ್ದ, ಹುಬ್ಬೆಲ್ಲ ಬೆಳ್ಳಗಾಗಿತ್ತು. ಸಾಬರು ನಡೆದದ್ದನ್ನೆಲ್ಲ ತಗ್ಗಿದ ದನಿಯಲ್ಲಿ ಹೇಳಿದರು. ಕ್ಷಮೆ ಕೇಳಲು ಅವರಿಗೆ ಬರುತ್ತಿದ್ದ ಭಾಷೆ ಒಂದೇ. ಹೆಗಲ ಟವೆಲ್ಲು ತೆಗೆದು ಕೈ ಮೇಲೆ ಹಾಸಿ, ಅಳಿಯನ ಕಡೆ ಚಾಚಿದರು.

ಅಜೀಮ್ ಟವೆಲ್ಲನ್ನು ನೋಡಿದ. ಕೈ ಇಡಲಿಲ್ಲ.

"ಕಳ್ಳ ಅಂದಿದ್ದು ಸಂತೆ ನಡುಮಧ್ಯೆ, ಮಾಮು," ಎಂದ. "ತಪ್ಪಾತು ಅನ್ನಾದು ಟವೆಲ್ ಕೆಳಗಾ?"

ಸಾಬರು ಟವೆಲ್ಲು ಮಡಿಚಿ ಹೆಗಲಿಗೆ ಹಾಕಿಕೊಂಡರು. ಅಂಬ್ರೀನ್ ಟೀ ತಂದಳು. ಮೂವರೂ ಕುಡಿದರು. "ಬರೋ ಸಂತೆಗೆ ಒಂದ್ ಸಲ ಬಾ," ಎಂದು ಅಳಿಯನಿಗೆ ಹೇಳಿ ಸಾಬರು ಒಬ್ಬರೇ ವಾಪಸು ಬಸ್ಸು ಹತ್ತಿದರು.

ಮುಂದಿನ ಸಂತೆಯ ದಿನ ಬೆಳಿಗ್ಗೆ, ಇನ್ನೂ ಒಂದು ವ್ಯಾಪಾರವೂ ಆಗಿರದ ಹೊತ್ತಿನಲ್ಲಿ, ಅಲ್ಲೇ ನಿಂತಿದ್ದ ಟೆಂಪೋದ ಹಿಂಬದಿಗೆ ಗೌಸ್ ಸಾಬರು ಹತ್ತಿದರು. ಜನ್ಮದಲ್ಲಿ ಮೊದಲ ಸಲ ಆ ಸಂತೆಯಲ್ಲಿ ಅವರು ಗಂಟಲು ಬಿಟ್ಟು ವ್ಯಾಪಾರದ ಮಾತಾಡುತ್ತಿದ್ದರು.

"ಕೇಳ್ರಪ್ಪಾ ಎಲ್ರೂ! ನಿಮ್ ರೇಟು ಬಯಲಾಗಿದ್ದು ನನ್ ಮನಿಯಿಂದ. ಬ್ಯಾಂಕಿಂದು ಕೂಗೋ ಡಬ್ಬಿ ಮನಿಗೆ ಕಳ್ಸಿದ್ದು ನಾನು. ಮನೇಲೂ ಕೂಗ್ತೈತೆ ಅಂತ ಅಜೀಮ್ ಹೇಳಿದ್ದ, ಕೇಳ್ಲಿಲ್ಲ. ಅವನ್ನ ಇಲ್ಲೇ ನಿಂತು ಕಳ್ಳ ಅಂದೆ. ಅವ್ನು ಕಳ್ಳ ಅಲ್ಲ. ತಪ್ಪು ನಂದು. ನನ್ ಟವೆಲ್ಲಿಗೆ ಕೈ ಇಡೋದೂ ಬಿಡೋದೂ ನಿಮಗೆ ಬಿಟ್ಟಿದ್ದು."

ಮಾರಣ್ಣನ ಹೆಸರನ್ನಾಗಲಿ ಪಾಲಮ್ಮನ ಹೆಸರನ್ನಾಗಲಿ ಎತ್ತಲಿಲ್ಲ. ಆದರೂ ಮಾರಣ್ಣ ಒಂದು ಕುರಿಯ ಹಲ್ಲನ್ನು ಬಹಳ ಹೊತ್ತು ಪರೀಕ್ಷೆ ಮಾಡುತ್ತ ಬಗ್ಗಿಕೊಂಡೇ ಇದ್ದ. ಓಬಯ್ಯ ಬೀಡಿ ಕಚ್ಚಿಕೊಂಡು ಸಾಬರನ್ನೇ ನೋಡುತ್ತಿದ್ದ, ಹತ್ತಿರ ಬರಲಿಲ್ಲ. ಇನ್ನು ತಮ್ಮ ದಲ್ಲಾಳಿತನ ಮುಗಿಯಿತು ಎಂದುಕೊಂಡು ಸಾಬರು ಟೆಂಪೋದಿಂದ ಇಳಿಯಲು ಒಂದು ಕಾಲು ಕೆಳಗಿಟ್ಟರು.

ಜೇಬಿನಲ್ಲಿ ಫೋನು ಗುಂಯ್ ಎಂದಿತು.

ತೆಗೆದು ನೋಡಿದರು. ಒಂದು ರೂಪಾಯಿ ಬಂದಿತ್ತು.

ತಲೆಯೆತ್ತಿದರೆ, ಟೀ ಅಂಗಡಿಯ ಪಕ್ಕದಲ್ಲಿ ಅಜೀಮ್ ಫೋನು ಹಿಡಿದು ನಿಂತಿದ್ದ. ಮುಖದಲ್ಲಿ ನಗುವಿರಲಿಲ್ಲ. ಬ್ಯಾಂಕು ಎದ್ದಿದೆಯೋ ಇಲ್ಲವೋ ಎಂದು ನೋಡುವವನ ಹಾಗೆ, ಪ್ರತಿ ಸಂತೆಯಲ್ಲೂ ನಿಲ್ಲುತ್ತಿದ್ದ ಹಾಗೆ ನಿಂತಿದ್ದ. ಓಬಯ್ಯ ಅವನನ್ನು ನೋಡಿದ, ಬೀಡಿ ಬಿಸಾಕಿದ, ಎದ್ದು ಬಂದು ಕೈ ಮುಂದೆ ಮಾಡಿದ. "ಹಾಸ್ರಿ ಸಾಬ್ರೇ ಟವೆಲ್ಲು, ಹೊತ್ತಾತು."

ಗೌಸ್ ಸಾಬರು ಕಣ್ಣೊರೆಸಿಕೊಳ್ಳಲು ಮೊದಲು ಆ ಟವೆಲ್ಲನ್ನೇ ಬಳಸಬೇಕಾಯಿತು. ಮನೆಯಲ್ಲಿ, ಅಡುಗೆಮನೆಯ ಟ್ರಂಕಿನೊಳಗೆ, ರಜಾಯಿಯ ಮಡಿಕೆಗಳಿಂದ ಆ ಡಬ್ಬಿ ಒಂದು ರೂಪಾಯಿ ಎಂದು ಕೂಗಿರುತ್ತದೆ. ತಾಜ್ ಬೀ ಕೇಳಿಸಿಕೊಂಡು, ಒಂದು ರೂಪಾಯಿ ಹಾಕುವವನು ಅಳಿಯನೊಬ್ಬನೇ ಎಂದು ತಿಳಿದು, ಇವತ್ತು ನಾಲ್ಕು ಜನಕ್ಕೆ ಅಕ್ಕಿ ಇಟ್ಟಿರುತ್ತಾರೆ ಎಂದು ಸಾಬರಿಗೆ ಗೊತ್ತಿತ್ತು.