ಏರ್ ಮಾರ್ಷಲ್‌ಗೆ ತೋಡಿದ ಗುಂಡಿ

2004ರ ಫೆಬ್ರವರಿ 11, ಬುಧವಾರ, ಬೆಳಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ಹದಿನಾರು ಎಂಬ ಊರಿನ ಹೊಲದ ಬಳಿ ಒಂದು ಬಾಡಿಗೆ ವ್ಯಾನು ಬಂದು ನಿಂತಿತು. ಅದರಲ್ಲಿ ಮಾಜಿ ಏರ್ ಮಾರ್ಷಲ್ ಗಂಗಾಧರಸ್ವಾಮಿಯ ಶವಪೆಟ್ಟಿಗೆ ಇತ್ತು. ಪುಣೆಯಲ್ಲಿ ತೀರಿಕೊಂಡವನನ್ನು ಬೆಂಗಳೂರಿನವರೆಗೆ ವಿಮಾನದಲ್ಲಿ ತಂದಿದ್ದರು. ತೋಪು ಹಾರಿಸುತ್ತಾರೆಂದು ಕಾದಿದ್ದ ಜನ ವ್ಯಾನಿನೊಳಗೆ ಇಣುಕಿದರು. ಬಾವುಟವಿಲ್ಲ, ಬಂದೂಕಿಲ್ಲ. ವಜಾ ಆದವನಿಗೆ ಅವೆಲ್ಲ ಇರುವುದಿಲ್ಲವೆಂದು ತಂಗಿ ಸರ್ವಮಂಗಳಾಗೆ ಗೊತ್ತಿತ್ತು.

ವಜಾ ಆಗಿ ಆರು ವರ್ಷವಾಗಿತ್ತು. ತರಬೇತಿ ವಿಮಾನಗಳು ಒಂದರ ಹಿಂದೊಂದು ಬಿದ್ದು ಹುಡುಗರು ಸತ್ತಾಗ, ದೋಷ ಎಂಜಿನ್ನಿನದು ಎಂದು ಪತ್ರಿಕೆಯವರ ಮುಂದೆ ಹೇಳಿ, ಮೇಲಿನವರನ್ನು ಕೇಳದೆ ಅವುಗಳ ಹಾರಾಟವನ್ನೇ ನಿಲ್ಲಿಸಿದ್ದ. ಕೆಲವರು ಧೀರನೆಂದರು, ಕೆಲವರು ದ್ರೋಹಿಯೆಂದರು. ಅದಕ್ಕೂ ಮುಂಚೆ ಇಂಥವೇ ಎರಡು ಅಪಘಾತಗಳಲ್ಲಿ ತಪ್ಪು ಪೈಲಟ್‌ನದೇ ಎಂದು ರುಜು ಹಾಕಿದವನೂ ಅವನೇ. ಆ ಧೈರ್ಯವೂ ಈ ರುಜುವೂ ಎರಡೂ ನಿಜವೆಂದು ಸರ್ವಮಂಗಳಾ ಒಪ್ಪಿಕೊಂಡಿದ್ದಳು. ಮೈಸೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತಳಾದ ಅವಳಿಗೆ ಈಗ ಬೇಕಿದ್ದುದು ಒಂದೇ: ಅಣ್ಣ ಅವ್ವನ ಪಕ್ಕದಲ್ಲಿ, ಮನೆತನದ ಎಲ್ಲರ ಹಾಗೆ, ಶಾಸ್ತ್ರೋಕ್ತವಾಗಿ ಸಮಾಧಿಯಾಗಬೇಕು.

ಗುಂಡಿ ತಯಾರಿತ್ತು. ಚೌಕ, ಒಳಗೆ ಕೂರಿಸಲು ಗೂಡು, ಅಂಚಿನಲ್ಲಿ ವಿಭೂತಿ ಗಟ್ಟಿ, ಬಿಲ್ವಪತ್ರೆ. ಪೆಟ್ಟಿಗೆಯ ಮುಚ್ಚಳ ತೆಗೆದರು. ಕೊರಳಲ್ಲಿ ಲಿಂಗವಿತ್ತು, ಮಿಲಿಟರಿ ಸೇರಿದ ದಿನವೇ ಎಸೆದನೆಂಬ ಊರಮಾತು ಅಲ್ಲಿಗೆ ಮುಗಿಯಿತು. ಕೈಗಳನ್ನು ಎದೆಯ ಮೇಲಿಟ್ಟಿದ್ದರು. ಮೈ ಮಾತ್ರ ಹಲಗೆಯಂತೆ ನೆಟ್ಟಗಿತ್ತು. ಕೆಡದಿರಲೆಂದು ಏರಿಸಿದ್ದ ಫಾರ್ಮಲಿನ್ನಿಗೆ ಸೆಟೆದುಕೊಂಡಿತ್ತು. ನಮ್ಮಲ್ಲಿ ಕೂರಿಸಿ ಹೂಳುತ್ತಾರೆಂದು ಪುಣೆಯವರಿಗೆ ತಿಳಿಸಬೇಕೆಂಬುದು ಯಾರಿಗೂ ಹೊಳೆದಿರಲಿಲ್ಲ.

“ಬಿಸಿನೀರು ಉಯ್ದು ನೀವಿದ್ರೆ ಬಗ್ತದೆ ಕಣಕ್ಕ,” ಎಂದ ದಾಯಾದಿ ತಮ್ಮ ಬಸವೇಶ್. “ನಮ್ಮಪ್ಪುಂಗೆ ಅಂಗೇ ಮಾಡಿದ್ದು.”

“ಇದು ಬಗ್ಗಲ್ಲ ಕಣೋ. ಮುರೀತದೆ.”

“ಬದುಕಿದ್ದಾಗ್ಲೂ ಅದೇ ತಾನೆ ಆಗಿದ್ದು!”

ಹಿಂದೆ ಯಾರೋ ನಕ್ಕರು. ಕ್ರಿಯೆ ನಡೆಸಲು ಬಂದಿದ್ದ ಅಯ್ಯನವರು ಕಲ್ಲಯ್ಯ ನಗಲಿಲ್ಲ.

“ಮಲಗ್ಸಿ ಮಣ್ಣು ಮಾಡ್ಬೌದು ಮಂಗಳವ್ವ. ಆದ್ರೆ ಅದು ಕ್ರಿಯಾಸಮಾಧಿ ಅಲ್ಲ. ನಾನು ಮಂತ್ರ ಹೇಳಾಕಿಲ್ಲ.”

“ಹಂಗಾದ್ರೆ ಕಾಲು ಮುರಿಸ್ಲಾ ಅಯ್ನೋರೆ?”

“ಶಿವ ಶಿವಾ!”

ಅವಳು ಗುಂಡಿಯನ್ನೇ ನೋಡುತ್ತ ನಿಂತಳು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಹಾವು, ಓತಿಕ್ಯಾತಗಳು ಜಾಡಿಗೆ ಇಳಿಸಿದ ಭಂಗಿಯಲ್ಲೇ ವರ್ಷಗಟ್ಟಲೆ ನಿಂತಿರುತ್ತಿದ್ದವು. ಬಗ್ಗದ ಸ್ನಾಯು ಕುಸಿಯುವುದೂ ಇಲ್ಲ.

“ಯಾಕೆ ಕೂರಿಸ್ಬೇಕು ಅಯ್ನೋರೆ?”

“ತಲೆ ಮೇಲಕ್ಕಿರ್ಬೇಕು. ಅಂಗೈಲಿ ಲಿಂಗ ಇರ್ಬೇಕು.”

“ನಿಲ್ಲಿಸಿದ್ರೆ?”

“ನಿಂತೋರ್ಗೆ ಶಾಸ್ತ್ರ ಇಲ್ವಲ್ಲವ್ವ.”

“ಕೂಡ್ದು ಅಂತ ಎಲ್ಲಿದೆ?”

ಕಲ್ಲಯ್ಯ ಗಡ್ಡ ಕೆರೆದುಕೊಂಡರು. ತಮ್ಮ ಅಪ್ಪನ ಬಾಯಲ್ಲಿ ಕೇಳಿದ್ದನ್ನೆಲ್ಲ ಒಮ್ಮೆ ಒಳಗೇ ತಿರುವಿ ಹಾಕಿದಂತೆ ಕಂಡಿತು. “ಎಲ್ಲೂ ಇಲ್ಲ,” ಎಂದರು ಕೊನೆಗೆ. “ಆದ್ರೆ ಇನ್ನೂ ಆಳ ತೋಡ್ಬೇಕು, ನೀರಲ್ಲಿ ನಿಲ್ಸಕ್ಕಾಗಲ್ಲ. ನೀರು ಸಿಕ್ರೆ ಮಲಗ್ಸೋದೆ.”

“ಕಾಲುವೆ ನೀರು ಅರಿಯೋ ಭೂಮಿ ಕಣ್ರೀ, ಏಳಡಿಗೆಲ್ಲ ಜಲ ಬರ್ತದೆ,” ಎಂದ ಬಸವೇಶ್. ಹೇಳುತ್ತಲೇ ಪಂಚೆ ಎತ್ತಿಕಟ್ಟಿ, ಗುದ್ದಲಿ ಹಿಡಿದು ಕೆಳಗಿಳಿದ.

ಏಳಡಿ ದಾಟುವ ಹೊತ್ತಿಗೆ ಮಂಕರಿಯಲ್ಲಿ ಬಂದ ಮಣ್ಣು ತಂಪಾಗಿತ್ತು. ಸರ್ವಮಂಗಳಾ ಒಂದು ಹಿಡಿ ತೆಗೆದುಕೊಂಡು ಬಿಗಿಯಾಗಿ ಹಿಂಡಿದಳು. ಉಂಡೆಯಾಯಿತು, ತೊಟ್ಟಿಕ್ಕಲಿಲ್ಲ.

“ತೋಡು,” ಎಂದಳು.

ಎಂಟಡಿಯಲ್ಲೂ ಹಿಂಡಿ ನೋಡಿದಳು. ಆಮೇಲೆ ಬೆಳ್ಳನೆಯ ಗಟ್ಟಿ ಸುದ್ದೆಮಣ್ಣು ಸಿಕ್ಕಿತು. ನೀರು ಬರಲಿಲ್ಲ. ಆರಡಿ ಒಂದಿಂಚಿನ ಅಣ್ಣ, ಅವನ ತಲೆಯ ಮೇಲೆ ಮೂರಡಿ ಮಣ್ಣು, ಇಷ್ಟಕ್ಕೆ ಸಾಕೆಂದು ಬಸವೇಶ್ ಮೇಲೆ ಹತ್ತಿ ಬಂದ. ಟೇಪು ಇಳಿಬಿಟ್ಟು ಅವಳೇ ಅಳೆದಳು. ಅಣ್ಣನ ಅಂಗೈಯಲ್ಲಿ ಲಿಂಗವಿಟ್ಟು, ಹಗ್ಗ ಹಾಕಿ ನೆಟ್ಟಗೆ ಇಳಿಸಿದರು. ಕಲ್ಲಯ್ಯ ಮಂತ್ರ ಶುರುಮಾಡಿದರು. ಗುಂಡಿಯ ಆಳ ಒಂಬತ್ತು ಅಡಿ ನಾಲ್ಕು ಇಂಚು.